ಬ್ಯಾಂಕಾಕ್ ಪ್ರವಾಸದ ಕಡೆಯ ಎರಡು ದಿನ: ಹಾಸನದಿಂದ ಒಂದು ಪ್ರಶ್ನೆ, ಹೋಗಿಬಂದವರ ಅನುಭವ

ಪ್ರಶ್ನೆ (ನಿವೃತ್ತ ಉಪನ್ಯಾಸಕಿ, ಹಾಸನ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಇಪ್ಪತ್ತೆರಡು ಮಂದಿ ಸೇರಿ ಜನವರಿಯಲ್ಲಿ ಥಾಯ್ಲೆಂಡಿಗೆ ಹೊರಟಿದ್ದೇವೆ. ಪಟ್ಟಾಯದವರೆಗಿನ ಕಾರ್ಯಕ್ರಮವನ್ನೆಲ್ಲ ಟೂರಿನವರೇ ನಿಗದಿ ಮಾಡಿದ್ದಾರೆ. ಬ್ಯಾಂಕಾಕಿನ ಕಡೆಯ ಶನಿವಾರ, ಭಾನುವಾರಗಳ ಮುಂದೆ ಮಾತ್ರ ‘ನಿಮ್ಮ ಇಚ್ಛೆಯಂತೆ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಹೋಟೆಲು ಸಿಲೋಮ್ ರಸ್ತೆಯ ಬಳಿಯಿದೆ. ನಮ್ಮಲ್ಲಿ ಎಪ್ಪತ್ತು ದಾಟಿದ, ಮಂಡಿನೋವಿರುವ ಐದಾರು ಮಂದಿ ಇದ್ದಾರೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಒಂದು ಜೈನ ಕುಟುಂಬವಿದೆ. ಹೈಸ್ಕೂಲು ಓದುವ ಮಕ್ಕಳೂ ಇದ್ದಾರೆ. ಹಿಂದಿರುಗುವ ವಿಮಾನ ಸೋಮವಾರ 00.25ಕ್ಕೆ. ಹೋಟೆಲನ್ನು ಭಾನುವಾರ ಮಧ್ಯಾಹ್ನವೇ ಬಿಡಬೇಕೆಂದು ಪಟ್ಟಿಯಲ್ಲಿದೆ. ಹಾಗಾದರೆ ಆ ಒಂದು ರಾತ್ರಿಗೆ ನಾವೇ ಕೋಣೆ ಹುಡುಕಿಕೊಳ್ಳಬೇಕೇ? ಎರಡು ದಿನಗಳನ್ನು ಹೇಗೆ ಕಳೆದರೆ ಒಳ್ಳೆಯದು? ಊಟ, ಖರೀದಿ, ಓಡಾಟದ ಬಗ್ಗೆ ಹೋಗಿಬಂದವರು ದಯವಿಟ್ಟು ತಿಳಿಸಿ.

ನಿವೃತ್ತ ಮುಖ್ಯೋಪಾಧ್ಯಾಯರು, ಚಿಕ್ಕಮಗಳೂರು

ಮೇಡಂ, ಸ್ಥಳಗಳ ಮಾತಿಗೆ ಮೊದಲು ತುರ್ತಾಗಿ ಒಂದು ಸಂಗತಿ. ಸೋಮವಾರ 00.25 ಎಂದರೆ ಭಾನುವಾರ ರಾತ್ರಿ ಹನ್ನೆರಡು ಕಳೆದು ಇಪ್ಪತ್ತೈದು ನಿಮಿಷ. ಭಾನುವಾರ ರಾತ್ರಿ ಎಂಟೂವರೆಯ ಹೊತ್ತಿಗೇ ನೀವು ವಿಮಾನ ನಿಲ್ದಾಣದಲ್ಲಿರಬೇಕು. ಸೋಮವಾರ ಸಂಜೆ ಹೋದರೆ ನಿಮ್ಮ ವಿಮಾನ ಬೆಂಗಳೂರು ಮುಟ್ಟಿ ಎಷ್ಟೋ ಹೊತ್ತಾಗಿರುತ್ತದೆ. ಆದ್ದರಿಂದ ಬೇರೆ ಕೋಣೆಯ ಪ್ರಶ್ನೆಯೇ ಇಲ್ಲ. ಇದನ್ನು ಗುಂಪಿನ ಎಲ್ಲರಿಗೂ ಈಗಲೇ ತಿಳಿಸಿಬಿಡಿ.

ಇನ್ನು ನನ್ನ ಅಭಿಪ್ರಾಯ. ಗುಂಪು ಪ್ರವಾಸದಲ್ಲಿ ಕಡೆಯ ದಿನಗಳ ಹೊತ್ತಿಗೆ ಎಲ್ಲರಿಗೂ ಕಾಲು ಸೋತಿರುತ್ತದೆ, ಒಬ್ಬರ ಮುಖ ಒಬ್ಬರು ನೋಡಿ ಸಾಕಾಗಿಯೂ ಇರುತ್ತದೆ. ಆಗಲೂ ಇಪ್ಪತ್ತೆರಡು ಜನ ಒಂದೇ ಬಸ್ಸು ಹತ್ತಿ, ಒಂದೇ ಅಂಗಡಿಗೆ ನುಗ್ಗಿ, ಶೌಚಾಲಯಕ್ಕೆ ಹೋದವರಿಗಾಗಿ ಉಳಿದವರು ಬಿಸಿಲಲ್ಲಿ ಕಾಯುವ ಪದ್ಧತಿಯನ್ನು ಮುಂದುವರಿಸುವುದು ಬೇಡ. ಮಂಡಿಯ ಶಕ್ತಿಯನ್ನು ನೋಡಿ ಎರಡು ಅಥವಾ ಮೂರು ತಂಡವಾಗಿರಿ. ಬೆಳಿಗ್ಗೆ ಒಂದೇ ಒಂದು ದೊಡ್ಡ ಸ್ಥಳವನ್ನು ನೋಡಿ, ಮಧ್ಯಾಹ್ನ ಮಲಗಿ, ಸಂಜೆಯನ್ನು ಅವರವರಿಗೆ ಬಿಡಿ. ಬ್ಯಾಂಕಾಕಿನಲ್ಲಿ ಇದು ಸುಲಭ, ಏಕೆಂದರೆ ನಿಮ್ಮ ಹೋಟೆಲಿನ ಹತ್ತಿರದಲ್ಲೇ ನದಿಯೂ ಇದೆ, ರೈಲೂ ಇದೆ.

ಗಟ್ಟಿ ಕಾಲಿನವರು ಶನಿವಾರ ಬೆಳಿಗ್ಗೆ ಏಳೂವರೆಗೆಲ್ಲ ಹೊರಟು, ಸಫಾನ್ ತಕ್ಸಿನ್ ಎಂಬ ಮೇಲುರೈಲಿನ ನಿಲ್ದಾಣದ ಕೆಳಗೇ ಇರುವ ಸಾಥೋನ್ ದೋಣಿಕಟ್ಟೆಗೆ ಬರಲಿ. ಅಲ್ಲಿ ಕಿತ್ತಳೆ ಬಾವುಟದ ದೋಣಿಯನ್ನು ಹತ್ತಬೇಕು. ಎಷ್ಟು ದೂರ ಹೋದರೂ ಒಂದೇ ದರ, 16 ಬಾತ್. ಒಂದು ಬಾತ್ ಎಂದರೆ ಎರಡೂವರೆ ರೂಪಾಯಿಗಿಂತ ಹೆಚ್ಚು ಎಂದು ಲೆಕ್ಕ ಹಾಕಿಕೊಳ್ಳಿ. ಪ್ರವಾಸಿಗರಿಗೆಂದೇ ಇರುವ ನೀಲಿ ಬಾವುಟದ ದೋಣಿಗೆ ಇದಕ್ಕಿಂತ ಹೆಚ್ಚು ದರವಿದೆ, ಕಟ್ಟೆಯ ಮೇಲೆ ನಿಂತು ಕೂಗಿ ಕರೆಯುವವರು ಅದಕ್ಕೇ ಕರೆಯುತ್ತಾರೆ. ಕಿತ್ತಳೆ ದೋಣಿಯಲ್ಲಿ ಕಚೇರಿಗೆ ಹೋಗುವವರು, ಶಾಲೆಯ ಮಕ್ಕಳು, ಭಿಕ್ಷುಗಳು ಎಲ್ಲರೂ ಇರುತ್ತಾರೆ. ಭಿಕ್ಷುಗಳಿಗೆ ಮೀಸಲಾದ ಜಾಗದಲ್ಲಿ ಕೂರಬಾರದು. ಟಿಕೆಟ್ ಕೊಡುವಾಕೆ ಉದ್ದನೆಯ ತಗಡಿನ ಕೊಳವೆಯೊಂದನ್ನು ಹಿಡಿದು, ಅದರಲ್ಲಿನ ಚಿಲ್ಲರೆಯನ್ನು ಗಲಗಲ ಎಂದು ಅಲ್ಲಾಡಿಸುತ್ತ ಬರುತ್ತಾರೆ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಕ್ಷಣ. ಹಿಂಬದಿಯಲ್ಲಿ ನಿಂತವನು ಸೀಟಿ ಊದುತ್ತಲೇ ಹಗ್ಗ ಬಿಗಿದು, ಊದುತ್ತಲೇ ಬಿಚ್ಚುತ್ತಾನೆ. ಹತ್ತಿ ಇಳಿಯಲು ತಡವರಿಸುವ ಹಿರಿಯರಿಗೆ ಈ ದಾರಿ ಬೇಡ ಎನ್ನುವುದು ಇದಕ್ಕಾಗಿಯೇ.

ಥಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಮಹಾ ಅರಮನೆ ನಡಿಗೆಯ ದೂರದಲ್ಲಿದೆ. ಎಂಟೂವರೆಗೆ ತೆರೆಯುತ್ತದೆ, ಮೂರೂವರೆಗೆ ಟಿಕೆಟ್ ನಿಲ್ಲುತ್ತದೆ, ವಿದೇಶಿಯರಿಗೆ 500 ಬಾತ್. ಸೀರೆ, ಚೂಡಿದಾರ್‌ಗಳಿಗೆ ಯಾವ ತೊಂದರೆಯೂ ಇಲ್ಲ. ತೋಳಿಲ್ಲದ ಅಂಗಿಗೂ ಹುಡುಗರ ಚಡ್ಡಿಗೂ ಪ್ರವೇಶವಿಲ್ಲ. ರಾಜಮನೆತನದ ಕಾರ್ಯಕ್ರಮಗಳಿದ್ದಾಗ ಅರಮನೆಯನ್ನು ಮುಚ್ಚುವುದುಂಟು, ಅದನ್ನು ಹಿಂದಿನ ದಿನವೇ ಹೋಟೆಲಿನಲ್ಲಿ ವಿಚಾರಿಸಿ. ಆದರೆ ಅರಮನೆಯ ಗೋಡೆಯ ಪಕ್ಕದ ದಾರಿಯಲ್ಲಿ ಎದುರಾಗಿ ‘ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ’ ಎನ್ನುವ ಸಭ್ಯ ವೇಷದವರನ್ನು ಮಾತ್ರ ನಂಬಬೇಡಿ. ಅವರ ಟುಕ್‌ಟುಕ್ ಆಟೋ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ.

ಒಳಗೆ ಎಲ್ಲರೂ ಪಚ್ಚೆ ಬುದ್ಧನನ್ನು ನೋಡಲು ನುಗ್ಗುತ್ತಾರೆ. ನೋಡಲೇಬೇಕು, 66 ಸೆಂಟಿಮೀಟರಿನ ಪುಟ್ಟ ವಿಗ್ರಹ, ಬೇಸಿಗೆ, ಮಳೆ, ಚಳಿಗಾಲಗಳು ಬದಲಾದಾಗ ಅದರ ವಸ್ತ್ರವನ್ನು ರಾಜನೇ ಬದಲಿಸುವ ಸಂಪ್ರದಾಯವಿದೆ. ಆದರೆ ನಮ್ಮ ಕಡೆಯವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಸುತ್ತಣ ಮೊಗಸಾಲೆಯಲ್ಲಿ. ಅಲ್ಲಿ 178 ಚಿತ್ರಫಲಕಗಳಲ್ಲಿ ರಾಮಾಯಣದ ಥಾಯ್ ರೂಪವಾದ ರಾಮಕಿಯನ್ ಕಥೆಯಿದೆ. ಹಳೇಬೀಡಿನ ಹೊಯ್ಸಳೇಶ್ವರನ ಹೊರಗೋಡೆಯ ಸುತ್ತ ನಡೆಯುತ್ತ ರಾಮಾಯಣ ಭಾರತಗಳನ್ನು ಓದಿಕೊಂಡು ಬೆಳೆದವರಿಗೆ ಇಲ್ಲಿ ಮಾರ್ಗದರ್ಶಿಯೇ ಬೇಡ. ಹಸಿರು ಮುಖದವನು ರಾವಣ, ಬಿಳಿಯವನು ಹನುಮಂತ. ಸೇತುವೆ ಕಟ್ಟುವ ಪ್ರಸಂಗದಲ್ಲಿ ರಾವಣನ ಮಗಳಾದ ಮತ್ಸ್ಯಕನ್ಯೆಯೊಬ್ಬಳು ಬಂಡೆಗಳನ್ನು ಕದಿಯುತ್ತಾಳೆ, ತಡೆಯಲು ಹೋದ ಹನುಮಂತ ಅವಳನ್ನೇ ವರಿಸುತ್ತಾನೆ. ಅಲ್ಲಿನ ಹನುಮಂತ ಬ್ರಹ್ಮಚಾರಿಯಲ್ಲ ಎಂಬುದನ್ನು ನಮ್ಮ ಗುಂಪಿನ ಹಿರಿಯರೊಬ್ಬರು ಊರಿಗೆ ಬರುವವರೆಗೂ ಒಪ್ಪಲಿಲ್ಲ.

ಗೃಹಿಣಿ, ಹಾಸನ

ಅಕ್ಕಾ, ಮೇಷ್ಟ್ರು ಬರೆದಿರುವುದು ನಡೆಯಬಲ್ಲವರಿಗೆ ಸರಿ. ನಾನು ಮಂಡಿಯ ಶಸ್ತ್ರಚಿಕಿತ್ಸೆಯಾದ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದರಿಂದ ಬೇರೆ ದಾರಿ ಹೇಳುತ್ತೇನೆ. ಅರಮನೆಯ ಅಂಗಳದಲ್ಲಿ ನೆರಳು ಕಡಿಮೆ, ಜನವರಿಯಲ್ಲೂ ಹತ್ತು ಗಂಟೆಯ ಮೇಲೆ ನೆಲ ಕಾಯುತ್ತದೆ, ಗರ್ಭಗುಡಿಯೊಳಗೆ ನೆಲದ ಮೇಲೆ ಕೂರಬೇಕಾಗುತ್ತದೆ. ಹಿರಿಯರು ಅದನ್ನು ಬಿಟ್ಟು ನೇರವಾಗಿ ವಾಟ್ ಫೋ ಎಂಬ ಬೌದ್ಧ ದೇವಾಲಯಕ್ಕೆ ಹೋಗಲಿ. ಸಿಲೋಮ್‌ನ ಸುರಂಗ ರೈಲು ಹತ್ತಿದರೆ ಗಾಡಿ ಬದಲಿಸದೆ ಸನಾಮ್ ಚಾಯ್ ನಿಲ್ದಾಣದಲ್ಲಿ ಇಳಿಯಬಹುದು. ಮೆಟ್ಟಿಲು ಹತ್ತುವ ಬದಲು ಲಿಫ್ಟ್ ಎಲ್ಲಿದೆಯೆಂದು ಕೇಳಿ. ಆ ನಿಲ್ದಾಣವನ್ನೇ ಹಳೆಯ ಅರಮನೆಯ ಸಭಾಂಗಣದಂತೆ ಕಟ್ಟಿದ್ದಾರೆ, ಅತ್ತೆ ಅದನ್ನೇ ದೇವಸ್ಥಾನವೆಂದುಕೊಂಡು ಚಪ್ಪಲಿ ಬಿಡಲು ಹೊರಟಿದ್ದರು.

ವಾಟ್ ಫೋದ ಮಲಗಿದ ಬುದ್ಧ 46 ಮೀಟರ್ ಉದ್ದವಿದ್ದಾನೆ. ಪಾದಗಳ ಬಳಿ ನಿಂತು ನೋಡಬೇಕು: ಕಪ್ಪು ಅಂಗಾಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಬಿಡಿಸಿದ್ದಾರೆ. ಹಿಂಭಾಗದಲ್ಲಿ 108 ಕಂಚಿನ ಪಾತ್ರೆಗಳ ಸಾಲಿದೆ; ಒಂದು ಬಟ್ಟಲು ಚಿಲ್ಲರೆ ಕೊಂಡು ಒಂದೊಂದಾಗಿ ಹಾಕುತ್ತ ಹೋಗುವ ಸದ್ದು ಮಕ್ಕಳಿಗೂ ಮುದುಕರಿಗೂ ಇಷ್ಟವಾಗುತ್ತದೆ. ಅಲ್ಲೇ ಆವರಣದಲ್ಲಿ ಹೆಸರಾದ ಮಸಾಜು ಶಾಲೆಯಿದೆ. ಥಾಯ್ ಮಸಾಜು ಯುನೆಸ್ಕೋದ ಪಟ್ಟಿಗೆ 2019ರಲ್ಲಿ ಸೇರಿತು. ಕೀಲು ಬದಲಿಸಿಕೊಂಡವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೈಯೆಲ್ಲ ಹಿಚುಕಿಸಿಕೊಳ್ಳುವ ಸಾಹಸ ಮಾಡದೆ, ವೈದ್ಯರು ಬೇಡವೆಂದಿಲ್ಲದಿದ್ದರೆ ಪಾದಕ್ಕೆ ಮಾತ್ರ ಮಾಡಿಸಿಕೊಳ್ಳಲಿ.

ಮುಗಿಸಿಕೊಂಡು ಬರುವಾಗ ಪಾಕ್ ಖ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆಯನ್ನು ತಪ್ಪಿಸಬೇಡಿ, ಅದೇ ನಿಲ್ದಾಣದ ಹತ್ತಿರವಿದೆ. ಚೆಂಡುಹೂವಿನ ಮೂಟೆಗಳು ನಮ್ಮ ಕಟ್ಟಿನಕೆರೆ ಮಾರುಕಟ್ಟೆಯಲ್ಲಿಯೂ ಇರುತ್ತವೆ ನಿಜ. ಆದರೆ ಅಲ್ಲಿ ಹೂವನ್ನು ಮೊಳ ಹಾಕಿ ಅಳೆಯುವುದಿಲ್ಲ. ಮಲ್ಲಿಗೆಯ ಮೊಗ್ಗುಗಳನ್ನು ಉದ್ದನೆಯ ಸೂಜಿಗೆ ಸುತ್ತುಸುತ್ತಾಗಿ ಒತ್ತಿ ಪೋಣಿಸಿ, ಅಂಗೈಯಗಲದ ಬಳೆಯಂತೆ ಬಗ್ಗಿಸಿ, ತುದಿಗೊಂದು ಗುಲಾಬಿ ಇಳಿಬಿಟ್ಟು ಮಾರುತ್ತಾರೆ. ತಾವರೆಯ ಮೊಗ್ಗಿನ ಹೊರಗಿನ ಎಸಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚುವ ಹೆಂಗಸಿನ ಬೆರಳನ್ನು ನೋಡುತ್ತ ನಾವು ಬಹಳ ಹೊತ್ತು ನಿಂತೆವು. ಆ ಹೂವು ದೇವರಿಗೆ. ಮುಡಿದುಕೊಂಡರೆ ಯಾರೂ ಏನೂ ಅನ್ನುವುದಿಲ್ಲ, ನೋಡುತ್ತಾರೆ ಅಷ್ಟೆ.

ಊಟದ ವಿಚಾರ. ಥಾಯ್ ಅಡಿಗೆಯಲ್ಲಿ ಮೀನಿನ ಸಾರ ಬೀಳದ ಪದಾರ್ಥ ಅಪರೂಪ. ತರಕಾರಿ ಪಲ್ಯದಂತೆ ಕಾಣುವುದಕ್ಕೂ ಸಿಂಪಿ ಮೀನಿನ ಸಾಸ್ ಹಾಕಿರುತ್ತಾರೆ, ಪರಂಗಿಕಾಯಿಯ ಕೋಸಂಬರಿಯಲ್ಲಿ ಒಣ ಸೀಗಡಿ ಇರುತ್ತದೆ. ‘ಮಾಂಸ ಬೇಡ’ ಎಂದರೆ ಸಾಲದು. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ‘ಜೇ’ ಎಂಬ ಥಾಯ್ ಅಕ್ಷರ ಬರೆದಿರುವ ಅಂಗಡಿಗಳನ್ನು ಹುಡುಕಿ. ಅದು ಬೌದ್ಧರ ವ್ರತದ ಊಟ; ಮೀನು, ಮೊಟ್ಟೆ, ಹಾಲಿನ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಅದರಲ್ಲಿ ನಿಷಿದ್ಧ. ನಿಮ್ಮ ಜೈನ ಕುಟುಂಬದವರು ಗೆಡ್ಡೆಗಳನ್ನೂ ಬಿಡುವವರಾದರೆ ಅದನ್ನು ಬೇರೆಯಾಗಿ ಹೇಳಬೇಕು. ಸಿಲೋಮ್‌ನಲ್ಲೇ ತಮಿಳರು 19ನೇ ಶತಮಾನದಲ್ಲಿ ಕಟ್ಟಿದ ಮಾರಿಯಮ್ಮನ ದೇವಸ್ಥಾನವಿದೆ, ಆಸುಪಾಸಿನಲ್ಲಿ ದಕ್ಷಿಣ ಭಾರತದ ಊಟ ಸಿಗುತ್ತದೆ. ಬೆಳಗಿನ ತಿಂಡಿಗೆ ಹೋಟೆಲಿನಲ್ಲಿ ಹಣ್ಣು, ಬ್ರೆಡ್ಡು ಇದ್ದೇ ಇರುತ್ತದೆ. ಚಟ್ನಿಪುಡಿ, ಹುರಿದ ಅವಲಕ್ಕಿ ನಿಮ್ಮ ಕೈಯಲ್ಲಿದ್ದರೆ ಯಾರೂ ಮುಖ ಬಾಡಿಸುವುದಿಲ್ಲ.

ಕಾಫಿ ಬೆಳೆಗಾರರು, ಚಿಕ್ಕಮಗಳೂರು

ಖರೀದಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಿಮಗೆ ಶನಿವಾರ ಭಾನುವಾರಗಳು ಸಿಕ್ಕಿರುವುದು ಅದೃಷ್ಟ, ಏಕೆಂದರೆ ಚಾತುಚಕ್ ಸಂತೆ ಪೂರ್ತಿಯಾಗಿ ನೆರೆಯುವುದು ಆ ಎರಡು ದಿನ ಮಾತ್ರ. ಸಾವಿರಾರು ಮಳಿಗೆಗಳು, ಒಳಗೆ ಗಾಳಿಯಾಡುವುದಿಲ್ಲ. ಶನಿವಾರ ಸಂಜೆಗಿಂತ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಹೋಗುವುದು ವಾಸಿ. ಕಂಫೇಂಗ್ ಫೆಟ್ ಎಂಬ ಸುರಂಗ ರೈಲಿನ ನಿಲ್ದಾಣದಿಂದ ನೇರವಾಗಿ ಸಂತೆಯೊಳಗೇ ಏಳಬಹುದು. ನಡುವೆ ಒಂದು ಗಡಿಯಾರ ಗೋಪುರವಿದೆ. ದಾರಿ ತಪ್ಪಿದವರು ಅಲ್ಲಿಗೆ ಬರಲಿ ಎಂದು ಮೊದಲೇ ಹೇಳಿಡಿ. ಬಟ್ಟೆಯ ತುಂಡು, ಜರಿ, ಗುಂಡಿಗಳನ್ನು ಕೊಳ್ಳುವವರಿಗೆ ಫಹುರತ್ ಇನ್ನೂ ಚೆನ್ನ. ಅದು ಪಂಜಾಬಿಗಳ ಹಳೆಯ ಕೇರಿ, ಚಿನ್ನದ ಗುಮ್ಮಟದ ಗುರುದ್ವಾರವೂ ಅಲ್ಲೇ ಇದೆ.

ಈಗ ನಮ್ಮ ಮಲೆನಾಡಿನವರ ದೌರ್ಬಲ್ಯದ ವಿಷಯ. ಚಾತುಚಕ್‌ನಲ್ಲಿ ಗಿಡಗಳ ಸಾಲನ್ನು ನೋಡಿದರೆ ತೋಟದವರ ಕೈ ಸುಮ್ಮನಿರುವುದಿಲ್ಲ. ರಂಬುಟಾನ್, ಡುರಿಯನ್ ಸಸಿಗಳು, ಬೇರು ಸಹಿತ ಆರ್ಕಿಡ್‌ಗಳು, ಬೀಜದ ಪೊಟ್ಟಣಗಳು ಅಗ್ಗಕ್ಕೆ ಸಿಗುತ್ತವೆ. ಯಾವುದನ್ನೂ ಕೊಳ್ಳಬೇಡಿ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಮತ್ತು ಸಸ್ಯ ಆರೋಗ್ಯ ಪತ್ರವಿಲ್ಲದೆ ನಾಟಿ ಮಾಡುವ ಸಸ್ಯ, ಬೀಜಗಳನ್ನು ತರುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಹೊರಗಿನ ಮಣ್ಣಿನ ಜೊತೆ ಯಾವ ಹುಳ, ಯಾವ ಬೂಷ್ಟು ಬರುತ್ತದೆಂದು ಯಾರು ಬಲ್ಲರು? ಕಾಫಿಯ ಕಾಯಿಕೊರಕ ಹುಳದ ಕಾಟ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದಿದೆ. ಥಾಯ್ಲೆಂಡಿನಲ್ಲಿ 2022ರಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ಕೈಬಿಟ್ಟರು, 2025ರಲ್ಲಿ ಮತ್ತೆ ಬಿಗಿ ಮಾಡಿ ವೈದ್ಯರ ಚೀಟಿ ಬೇಕೆಂದರು. ಈ ನಡುವೆ ಹುಟ್ಟಿಕೊಂಡ ಅಂಗಡಿಗಳಲ್ಲಿ ಗಾಂಜಾ ಎಲೆಯ ಚಿತ್ರವಿರುವ ಬಿಸ್ಕತ್ತು, ಜೆಲ್ಲಿ, ಚಹಾ ಎಲ್ಲವೂ ಕಾಣುತ್ತವೆ. ನಿಮ್ಮ ಹೈಸ್ಕೂಲು ಮಕ್ಕಳು ಮಿಠಾಯಿ ಎಂದುಕೊಂಡು ಕೊಂಡು ಚೀಲಕ್ಕೆ ಹಾಕಿಕೊಂಡರೂ ಬೆಂಗಳೂರಿನಲ್ಲಿ ಅದು 1985ರ ಮಾದಕವಸ್ತು ಕಾಯ್ದೆಯ ಅಡಿಯ ಅಪರಾಧ. ಬ್ಯಾಂಕಾಕಿನಿಂದ ಬರುವ ವಿಮಾನಗಳ ಮೇಲೆ ಕಸ್ಟಮ್ಸ್‌ನವರ ಕಣ್ಣು ವಿಶೇಷವಾಗಿ ಇರುತ್ತದೆ. ಭಾನುವಾರ ಸಂಜೆ ಹೊರಡುವ ಮುನ್ನ ಮಕ್ಕಳ ಚೀಲವನ್ನು ಹಿರಿಯರು ಒಮ್ಮೆ ಬಿಚ್ಚಿ ನೋಡಲಿ, ಮತ್ತು ಯಾರೇ ಕೊಟ್ಟರೂ ಪರರ ಪೊಟ್ಟಣವನ್ನು ತರಬೇಡಿ.

ಬುದ್ಧನ ಮೂರ್ತಿಗಳಿಗೆ ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಮರದ ಆನೆ, ರೇಷ್ಮೆ, ನೋವಿನ ಮುಲಾಮುಗಳಿಗೆ ಏನೂ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ವಿಮಾನದ ಸಮಯದ ಬಗ್ಗೆ ಟೂರಿನವರನ್ನು ಕೇಳಿದೆ, ಮುಖ್ಯೋಪಾಧ್ಯಾಯರು ಹೇಳಿದ್ದೇ ಸರಿ. ಇನ್ನೊಂದು ಸಂದೇಹ. ನಮ್ಮ ಗುಂಪಿನ ಕೆಲವರು ಭಾನುವಾರ ಆಯುತ್ತಯ ನೋಡಿಕೊಂಡು ಅಲ್ಲಿಂದಲೇ ವಿಮಾನಕ್ಕೆ ಹೋಗೋಣ ಎನ್ನುತ್ತಿದ್ದಾರೆ. ಸಾಧ್ಯವೇ?

ಇತಿಹಾಸದ ಅಧ್ಯಾಪಕರು, ಬೇಲೂರು

ಸಾಧ್ಯವಿದೆ, ಆದರೆ ನಾನು ಒಪ್ಪುವುದಿಲ್ಲ. ಆಯುತ್ತಯ ಬ್ಯಾಂಕಾಕಿನ ಉತ್ತರಕ್ಕೆ ಸುಮಾರು 80 ಕಿಲೋಮೀಟರು. 1350ರಿಂದ ನಾಲ್ಕು ಶತಮಾನ ರಾಜಧಾನಿಯಾಗಿದ್ದು, 1767ರಲ್ಲಿ ಬರ್ಮೀಯರ ದಾಳಿಗೆ ಸಿಕ್ಕಿ ಹಾಳಾದ ಊರು. ಸುಟ್ಟ ಇಟ್ಟಿಗೆಯ ಗೋಪುರಗಳು, ತಲೆಯಿಲ್ಲದ ಬುದ್ಧರ ಸಾಲು, ಅರಳಿಮರದ ಬೇರುಗಳ ನಡುವೆ ಸಿಕ್ಕಿಕೊಂಡ ಒಂದು ಬುದ್ಧನ ಮುಖ. ಅದರ ಜೊತೆ ಚಿತ್ರ ತೆಗೆಸಿಕೊಳ್ಳುವವರು ಆ ಮುಖಕ್ಕಿಂತ ತಗ್ಗಿ ಕುಳಿತುಕೊಳ್ಳಬೇಕೆಂಬ ನಿಯಮವಿದೆ. ಇದನ್ನೆಲ್ಲ ನಿಧಾನವಾಗಿ, ಒಂದು ಇಡೀ ದಿನವಿಟ್ಟುಕೊಂಡು ನೋಡಬೇಕು. ಸೂಟ್‌ಕೇಸುಗಳನ್ನು ವ್ಯಾನಿನಲ್ಲಿ ಬಿಟ್ಟು, ಬೆವರಿದ ಬಟ್ಟೆಯಲ್ಲೇ ವಿಮಾನ ಹತ್ತಬೇಕಾದ ದಿನ, ಭಾನುವಾರ ಸಂಜೆ ಊರಿಗೆ ಮರಳುವವರ ವಾಹನಗಳ ನಡುವೆ ಸಿಕ್ಕಿಕೊಳ್ಳುವ ಭಯದಲ್ಲಿ ನೋಡುವುದಲ್ಲ. ಹೋಗಲೇಬೇಕೆನ್ನುವವರು ಶನಿವಾರ ಹೋಗಿ, ಅರಮನೆಯನ್ನು ಭಾನುವಾರದ ಬೆಳಿಗ್ಗೆಗೆ ಇಟ್ಟುಕೊಳ್ಳಲಿ, ಚಾತುಚಕ್‌ನ ಆಸೆ ಬಿಡಲಿ.

ಎರಡನ್ನೂ ಮಾಡಲಾಗದ ಹಿರಿಯರಿಗೆ ಒಂದು ಸಣ್ಣ ಸ್ಥಳ ಹೇಳುತ್ತೇನೆ. ಹುವಾ ಲಂಫೋಂಗ್ ನಿಲ್ದಾಣದ ಬಳಿಯ ವಾಟ್ ತ್ರೈಮಿತ್‌ನಲ್ಲಿ ಐದೂವರೆ ಟನ್ ತೂಗುವ ಬಂಗಾರದ ಬುದ್ಧನಿದ್ದಾನೆ. ಬಹುಕಾಲ ಅದನ್ನು ಗಾರೆಯ ಸಾಧಾರಣ ವಿಗ್ರಹವೆಂದೇ ತಿಳಿದಿದ್ದರು. 1955ರಲ್ಲಿ ಹೊಸ ಕಟ್ಟಡಕ್ಕೆ ಸಾಗಿಸುವಾಗ ಕೆಳಗೆ ಬಿದ್ದು ಗಾರೆ ಒಡೆದು ಒಳಗಿನ ಬಂಗಾರ ಕಂಡಿತು. ಅರ್ಧ ಗಂಟೆ ಸಾಕು. ಮೇಲಕ್ಕೆ ಮೆಟ್ಟಿಲುಗಳಿವೆಯಾದ್ದರಿಂದ ಮಂಡಿನೋವಿನವರು ಮೊದಲೇ ಯೋಚಿಸಲಿ.

ಪ್ರವಾಸಗಳನ್ನು ಹೊರಡಿಸುವವರು, ಹಾಸನ

ಸ್ಥಳಗಳ ಬಗ್ಗೆ ಎಲ್ಲರೂ ಹೇಳಿದ್ದಾರೆ. ಭಾನುವಾರ ಮಧ್ಯಾಹ್ನದಿಂದ ಮನೆ ಸೇರುವವರೆಗಿನದು ನನ್ನ ಕೆಲಸದ ಭಾಗ, ಅದನ್ನಷ್ಟೇ ಬರೆಯುತ್ತೇನೆ.

ಕೋಣೆ ಬಿಟ್ಟ ಮೇಲೆ ಸಾಮಾನನ್ನು ಹೋಟೆಲಿನವರೇ ಇಟ್ಟುಕೊಳ್ಳುತ್ತಾರೆ, ಚೀಟಿ ಪಡೆಯಿರಿ. ಎಲ್ಲ ಕೋಣೆಗಳನ್ನೂ ಬಿಟ್ಟು, ಎರಡನ್ನು ಮಾತ್ರ ಸಂಜೆ ಆರರವರೆಗೆ ಹೆಚ್ಚಿನ ಹಣ ಕೊಟ್ಟು ಉಳಿಸಿಕೊಳ್ಳಿ. ಹೆಂಗಸರಿಗೊಂದು, ಗಂಡಸರಿಗೊಂದು. ಹಿರಿಯರು ಅಲ್ಲಿ ಮಲಗುತ್ತಾರೆ, ಸುತ್ತಾಡಿ ಬಂದವರು ಸ್ನಾನ ಮಾಡುತ್ತಾರೆ. ಆ ಖರ್ಚನ್ನು ಎಲ್ಲರ ಮೇಲೆ ಹಂಚಿದರೆ ತಲೆಗೆ ಬರುವುದು ಅಲ್ಪ. ಇದಕ್ಕೆ ಒಪ್ಪದ ಗುಂಪುಗಳು ಲಾಬಿಯ ಸೋಫಾಗಳ ಮೇಲೆ ನಾಲ್ಕೈದು ಗಂಟೆ ತೂಕಡಿಸಿ, ಕಡೆಗೆ ಜಗಳದಲ್ಲಿ ಪ್ರವಾಸ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆಗೆ ಹೊರಗೆ ಕಾಲಾಡಿಸಬೇಕೆನ್ನುವವರಿಗೆ ಲುಂಫಿನಿ ಉದ್ಯಾನ ಹತ್ತಿರದಲ್ಲಿದೆ. ಅಲ್ಲಿನ ಕೆರೆಯಲ್ಲಿ ಆಳುದ್ದದ ಉಡಗಳು ಓಡಾಡುತ್ತವೆ, ತಂಟೆಗೆ ಹೋಗದಿದ್ದರೆ ಅವೂ ಬರುವುದಿಲ್ಲ.

ಎ.ಟಿ.ಎಂ.ನಲ್ಲಿ ನಮ್ಮ ಕಾರ್ಡಿಗೆ ಪ್ರತಿ ಸಲವೂ 220 ಬಾತ್‌ನಷ್ಟು ಶುಲ್ಕ ಹಿಡಿಯುತ್ತಾರೆ, ಕಡೆಯ ದಿನ ಸಣ್ಣ ಮೊತ್ತಕ್ಕಾಗಿ ಕಾರ್ಡು ಹಾಕಬೇಡಿ. ಗುಂಪಿನಲ್ಲೇ ಒಬ್ಬರಿಗೆ ಉಳಿದದ್ದನ್ನು ಇನ್ನೊಬ್ಬರು ರೂಪಾಯಿ ಕೊಟ್ಟು ಪಡೆಯಲಿ. ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ಅಥವಾ ಅದಕ್ಕಿಂತ ಹೆಚ್ಚು ಕೊಂಡವರು, ಆ ಅಂಗಡಿ ವ್ಯಾಟ್ ತೆರಿಗೆಯ ಮರುಪಾವತಿಯ ಪಟ್ಟಿಯಲ್ಲಿದ್ದರೆ, ಪಾಸ್‌ಪೋರ್ಟ್ ತೋರಿಸಿ ಅಲ್ಲೇ ಅರ್ಜಿ ಬರೆಸಿಕೊಳ್ಳಬೇಕು. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸನ್ನು ಒಪ್ಪಿಸುವ ಮುನ್ನವೇ ಕಸ್ಟಮ್ಸ್ ಕಟ್ಟೆಗೆ ಹೋಗಿ ಬನ್ನಿ, ಸಾಮಾನು ತೋರಿಸಿ ಎಂದರೆ ಆಮೇಲೆ ತೋರಿಸಲಾಗದು. ಪವರ್ ಬ್ಯಾಂಕ್ ಕೈಚೀಲದಲ್ಲಿ, ಮುಲಾಮು ಎಣ್ಣೆಗಳ ದೊಡ್ಡ ಶೀಷೆಗಳು ಸೂಟ್‌ಕೇಸಿನಲ್ಲಿ. ಸಾಮಾನಿರುವ ಇಪ್ಪತ್ತೆರಡು ಮಂದಿಗೆ ರೈಲು ಆಗದು, ವ್ಯಾನುಗಳನ್ನು ಆರೂವರೆಗೆ ಹೇಳಿ. ಭದ್ರತಾ ತಪಾಸಣೆ ದಾಟಿದರೆ ನಿಲ್ದಾಣದೊಳಗೆ ದೇವಾಸುರರು ವಾಸುಕಿಯನ್ನು ಎಳೆಯುತ್ತಿರುವ ಸಮುದ್ರ ಮಥನದ ಭಾರಿ ಶಿಲ್ಪವಿದೆ. ಚಿತ್ರಗಳನ್ನು ತೆಗೆಸಿಕೊಳ್ಳಲು ಎಲ್ಲರೂ ಅಲ್ಲೇ ಸೇರುತ್ತಾರಾದ್ದರಿಂದ ಗುಂಪಿನ ತಲೆ ಎಣಿಸಲು ಒಳ್ಳೆಯ ಜಾಗ.

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಹಾಗಾಗಿ ನಮ್ಮ ಸಮಯದಲ್ಲಿ ಬೆಳಗಿನ ಜಾವ ಮೂರರ ಆಸುಪಾಸಿಗೆ ಬೆಂಗಳೂರಿನಲ್ಲಿ ಇಳಿಯುತ್ತೀರಿ, ಸಾಮಾನು ಕೈಗೆ ಬಂದು ಹೊರಬೀಳುವಾಗ ನಾಲ್ಕು. ಅಲ್ಲಿಂದ ಮೆಜೆಸ್ಟಿಕ್‌ಗೆ ಬಂದು ಬಸ್ ಹತ್ತುವ ಉಸಾಬರಿ ಬೇಡ, ಹಾಸನದಿಂದಲೇ ಗಾಡಿ ತರಿಸಿ. ಚಾಲಕನಿಗೆ ಹಿಂದಿನ ಮಧ್ಯಾಹ್ನ ಹೊರಟು ಬಂದು ನಿಲ್ದಾಣದ ಹತ್ತಿರ ಮಲಗಲು ಹಣ ಕೊಡಿ. ರಾತ್ರಿಯೆಲ್ಲ ಓಡಿಸಿಕೊಂಡು ಬಂದು ನಿಮ್ಮನ್ನು ಹತ್ತಿಸಿಕೊಂಡು ಮತ್ತೆ ಓಡಿಸುವವನ ಕಣ್ಣು ಕುಣಿಗಲ್ ದಾಟುವಾಗ ಮುಚ್ಚಲು ಶುರುವಾಗುತ್ತದೆ. ಯಡಿಯೂರಿನಲ್ಲಿ ನಿಲ್ಲಿಸಿ ಕಾಫಿ ಕುಡಿಸಿ. ಒಂದು ಟಿ.ಟಿ.ಯಲ್ಲಿ ಇಪ್ಪತ್ತೆರಡು ಜನರೂ ಅಷ್ಟೇ ದೊಡ್ಡ ಸೂಟ್‌ಕೇಸುಗಳೂ ಹಿಡಿಸುವುದಿಲ್ಲ. ಮಿನಿ ಬಸ್ ಹೇಳಿ, ಇಲ್ಲವೇ ಎರಡು ಟಿ.ಟಿ. ಹೇಳಿ.